ಗಲ್ಲಾಪೆಟ್ಟಿಗೆಯಾಗಿರುವ ಫೋನಿನ ತಂತ್ರಾಂಶವನ್ನು ಬದಲಿಸಬಹುದೇ?

ಇಂದು ಬಹುತೇಕ ಅಂಗಡಿಗಳ ಮೇಜಿನ ಖಾನೆಯಲ್ಲಿ ಹಳೆಯ ಸ್ಮಾರ್ಟ್‌ಫೋನ್‌ಗಳು ಒಂದೆರಡಾದರೂ ಸಿಗುತ್ತವೆ. ಪರದೆ ಸರಿಯಾಗಿರುತ್ತದೆ, ಬ್ಯಾಟರಿ ಅರ್ಧ ದಿನವಾದರೂ ಬರುತ್ತದೆ. ಆದರೆ ತಯಾರಕ ಕಂಪನಿಯು ತಂತ್ರಾಂಶದ ಪರಿಷ್ಕರಣೆಯನ್ನು ನಿಲ್ಲಿಸಿ ವರ್ಷಗಳಾಗಿರುವುದರಿಂದ ಬಿಲ್ಲಿಂಗ್ ಆ್ಯಪ್ ಆಗಲಿ, ದಾಸ್ತಾನಿನ ಆ್ಯಪ್ ಆಗಲಿ ಅವುಗಳಲ್ಲಿ ತೆರೆದುಕೊಳ್ಳುವುದಿಲ್ಲ. ಇಂತಹ ಫೋನನ್ನು ರಿಪೇರಿ ಅಂಗಡಿಗೆ ಒಯ್ದರೆ, "ಹೊಸದೇಕೆ ಸಾರ್, ಇದನ್ನೇ ರೂಟ್ ಮಾಡಿ ಹೊಸ ಆಂಡ್ರಾಯ್ಡ್ ಹಾಕಿಕೊಡುತ್ತೇನೆ" ಎಂಬ ಉತ್ತರ ಬರುವುದುಂಟು. ಐದಾರು ಮಂದಿ ಮಾರಾಟ ಪ್ರತಿನಿಧಿಗಳಿಗೆ ಫೋನ್ ಒದಗಿಸಬೇಕಾದ ಸಗಟು ವರ್ತಕರಿಗೆ ಇದು ಅಲ್ಪ ಉಳಿತಾಯವೇನಲ್ಲ.

ಈ ಸಲಹೆಯನ್ನು ಒಪ್ಪಬೇಕೇ ಬೇಡವೇ ಎಂಬುದು ಆ ಫೋನಿನಿಂದ ಏನು ಕೆಲಸ ತೆಗೆಯುತ್ತೇವೆ ಎಂಬುದನ್ನು ಅವಲಂಬಿಸಿದೆ. ಹಣ ಬಂದು ಹೋಗುವ ಫೋನಿನಲ್ಲಿ ಬೇಡವೇ ಬೇಡ. ಹಣದ ಸಂಪರ್ಕವಿಲ್ಲದ ಫೋನಿನಲ್ಲಿ, ಕೆಲವು ಎಚ್ಚರಿಕೆಗಳನ್ನು ಪಾಲಿಸುವುದಾದರೆ, ಮಾಡಿಸಬಹುದು ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ವಿಷಯವೇನೆಂದು ತಿಳಿಯೋಣ. ಆಂಡ್ರಾಯ್ಡ್ ಕಾರ್ಯಾಚರಣ ವ್ಯವಸ್ಥೆಯ ಮೂಲ ಸಂಕೇತವನ್ನು ಗೂಗಲ್ ಸಂಸ್ಥೆಯು ಮುಕ್ತವಾಗಿ ಪ್ರಕಟಿಸುತ್ತದೆ. ಅದರ ತಳಹದಿಯಾದ ಲಿನಕ್ಸ್ ಕರ್ನೆಲ್ ಕೂಡ ಮುಕ್ತ ತಂತ್ರಾಂಶವೇ. ಆದರೆ ನಾವು ಕೊಳ್ಳುವ ಫೋನಿಗೆ ತಯಾರಕರು ಬೂಟ್‌ಲೋಡರ್ ಎಂಬ ಬೀಗವನ್ನು ಹಾಕಿರುತ್ತಾರೆ. ತಮ್ಮ ಮುದ್ರೆಯಿಲ್ಲದ ಯಾವ ತಂತ್ರಾಂಶವೂ ಅದರಲ್ಲಿ ಚಾಲನೆಗೊಳ್ಳದಂತೆ ಅದು ತಡೆಯುತ್ತದೆ. ಈ ಬೀಗವನ್ನು ತೆರೆದು ಬೇರೆಯವರು ಸಿದ್ಧಪಡಿಸಿದ ಕಸ್ಟಮ್ ರಾಮ್ ಎಂಬ ಪರ್ಯಾಯ ತಂತ್ರಾಂಶವನ್ನು ತುಂಬುವುದು ಒಂದು ವಿಧ. ಇರುವ ತಂತ್ರಾಂಶದಲ್ಲಿಯೇ ಸರ್ವಾಧಿಕಾರವನ್ನು ಪಡೆಯುವುದು, ಅಂದರೆ ರೂಟ್ ಮಾಡುವುದು, ಇನ್ನೊಂದು ವಿಧ. ರಿಪೇರಿ ಅಂಗಡಿಯವರು ಎರಡಕ್ಕೂ ಒಂದೇ ಹೆಸರನ್ನು ಬಳಸುತ್ತಾರಾದರೂ ಇವೆರಡರ ಅಪಾಯ ಸಮಾನವಲ್ಲ. ಪೂರ್ಣ ಬೆಲೆ ತೆತ್ತು ಕೊಂಡ ಮಳಿಗೆಯಲ್ಲಿ ಬಾಡಿಗೆದಾರನಂತೆ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಬೇಕಾದ ಸ್ಥಿತಿ ಗ್ರಾಹಕನದು ಎಂಬ ಅಸಮಾಧಾನವೇ ಈ ಇಡೀ ಚಟುವಟಿಕೆಯ ಮೂಲ. ಆ ಅಸಮಾಧಾನದಲ್ಲಿ ನ್ಯಾಯವಿಲ್ಲವೆಂದು ಹೇಳಲಾಗದು.

ಕನ್ನಡಿಗರಂತೂ ಇದನ್ನು ಮರೆಯುವಂತಿಲ್ಲ. ಆಂಡ್ರಾಯ್ಡ್‌ನ ಆರಂಭದ ಆವೃತ್ತಿಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. 2012ರ 4.1ನೇ ಆವೃತ್ತಿಯಲ್ಲಿ ಗೂಗಲ್ ಸಂಸ್ಥೆಯೇ ಕನ್ನಡ, ತೆಲುಗು, ಮಲಯಾಳಂಗಳಿಗೆ ಬೆಂಬಲ ನೀಡುವವರೆಗೆ ಫೋನನ್ನು ರೂಟ್ ಮಾಡಿ ವ್ಯವಸ್ಥೆಯ ಕಡತಗಳ ನಡುವೆ ಕನ್ನಡ ಫಾಂಟನ್ನು ಸೇರಿಸಿಕೊಂಡವರಿದ್ದರು. ತಯಾರಕರು ಕೊಡದಿದ್ದುದನ್ನು ಬಳಕೆದಾರರು ತಾವೇ ಪಡೆದುಕೊಂಡರು. 2009ರಲ್ಲಿ ಆರಂಭವಾದ ಸಯನೋಜೆನ್‌ಮಾಡ್ ಮತ್ತು ಅದರ ಉತ್ತರಾಧಿಕಾರಿಯಾದ ಲೀನಿಯೇಜ್ ಓಎಸ್ ಯೋಜನೆಗಳು ತಯಾರಕರು ಕೈಬಿಟ್ಟ ಅನೇಕ ಫೋನ್‌ಗಳಿಗೆ ಹೊಸ ಆಂಡ್ರಾಯ್ಡ್ ಆವೃತ್ತಿಗಳನ್ನು ಒದಗಿಸಿ ಅವುಗಳ ಆಯುಷ್ಯವನ್ನು ಹೆಚ್ಚಿಸಿವೆ. ಅಳಿಸಲು ಬಾರದ ಜಾಹೀರಾತು ಆ್ಯಪ್‌ಗಳಿಂದ ಬಿಡುಗಡೆ ದೊರೆಯುವುದು ಮತ್ತೊಂದು ಪ್ರಯೋಜನ.

ಆದರೆ ಅಂದಿನ ಫೋನು ಮಾತನಾಡುವ, ಓದುವ ಸಾಧನವಾಗಿತ್ತು. ಇಂದಿನದು ವರ್ತಕನ ಗಲ್ಲಾಪೆಟ್ಟಿಗೆ. ಯುಪಿಐ ಖಾತೆ, ಬ್ಯಾಂಕಿನ ಆ್ಯಪ್, ಜಿಎಸ್‌ಟಿ ಪೋರ್ಟಲ್‌ನ ಓಟಿಪಿ, ಗ್ರಾಹಕರ ಉದ್ದರಿ ಲೆಕ್ಕ ಎಲ್ಲವೂ ಅದರೊಳಗೇ ಇವೆ.

ಬೂಟ್‌ಲೋಡರ್ ಬೀಗವನ್ನು ತೆರೆದೊಡನೆ ಸಾಮಾನ್ಯವಾಗಿ ಫೋನಿನಲ್ಲಿರುವ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಕಳವಾದ ಫೋನಿನ ಮಾಹಿತಿ ಅನ್ಯರ ಪಾಲಾಗಬಾರದೆಂದು ಹೀಗೆ ರೂಪಿಸಲಾಗಿದೆ. ಪ್ರತಿಯನ್ನು ತೆಗೆದಿಡದೆ ಫೋನನ್ನು ರಿಪೇರಿಯವನ ಕೈಗಿತ್ತ ವರ್ತಕನ ಉದ್ದರಿ ಪುಸ್ತಕ ಅಲ್ಲಿಗೆ ಮುಗಿಯಿತು. ಇದು ಕನಿಷ್ಠ ನಷ್ಟ. ಮುಂದಿನದು, ಹಣದ ಆ್ಯಪ್‌ಗಳು ನಿಲ್ಲುವುದು. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ಪರೀಕ್ಷೆಯ ಮೂಲಕ ಆ್ಯಪ್‌ಗಳು ಫೋನಿನ ತಂತ್ರಾಂಶ ಅಸಲಿಯೇ ಎಂದು ವಿಚಾರಿಸಿಕೊಳ್ಳುತ್ತವೆ. ಇಲ್ಲವೆಂದು ಉತ್ತರ ಬಂದರೆ ಅನೇಕ ಬ್ಯಾಂಕ್ ಮತ್ತು ಪಾವತಿ ಆ್ಯಪ್‌ಗಳು ತೆರೆಯುವುದೇ ಇಲ್ಲ. ರಿಸರ್ವ್ ಬ್ಯಾಂಕ್ ಕೂಡ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಡಿಜಿಟಲ್ ಪಾವತಿ ಸುರಕ್ಷತಾ ನಿರ್ದೇಶನಗಳಲ್ಲಿ, ಸಾಧನವು ಕನಿಷ್ಠ ಅಗತ್ಯಗಳನ್ನು ಪೂರೈಸಿದ ನಂತರ ಆ್ಯಪ್ ಚಾಲನೆಗೆ ಅವಕಾಶ ನೀಡುವಂತಹ ಕ್ರಮಗಳನ್ನು ಬ್ಯಾಂಕುಗಳಿಗೆ ಸೂಚಿಸಿತ್ತು. ಬದಲಾವಣೆಯನ್ನು ಆ್ಯಪ್‌ನ ಕಣ್ಣಿನಿಂದ ಮರೆಮಾಚುವ ಉಪಾಯಗಳೂ ಪೇಟೆಯಲ್ಲಿವೆ. ಅವು ಇಂದು ಫಲಿಸುತ್ತವೆ, ನಾಳೆ ಆ್ಯಪ್ ಹೊಸದಾದೊಡನೆ ಕೈಕೊಡುತ್ತವೆ. ಹಬ್ಬದ ವ್ಯಾಪಾರದ ಸಂಜೆ ಗ್ರಾಹಕರು ಸಾಲುಗಟ್ಟಿರುವಾಗ ಪಾವತಿ ಬಂತೋ ಇಲ್ಲವೋ ನೋಡಲಾಗದಂತಾದರೆ ಹಳೆಯ ಫೋನಿನಲ್ಲಿ ಉಳಿಸಿದ ಹಣಕ್ಕೆ ಅರ್ಥವಿರುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದುದು ಕಳ್ಳತನದ ಅಪಾಯ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಪ್ರತ್ಯೇಕ ಕೋಣೆ. ಒಂದರ ಮಾಹಿತಿಯನ್ನು ಇನ್ನೊಂದು ನೋಡಲಾಗದು. ರೂಟ್ ಅಧಿಕಾರ ಪಡೆದ ಆ್ಯಪ್‌ಗೆ ಈ ಗೋಡೆಗಳಿಲ್ಲ. ದುಷ್ಟ ತಂತ್ರಾಂಶವೊಂದು ಆ ಅಧಿಕಾರವನ್ನು ಗಳಿಸಿದರೆ ಓಟಿಪಿ ಓದುವುದೂ ಪರದೆಯನ್ನು ನೋಡುವುದೂ ಅದಕ್ಕೆ ಸುಲಭ. ಕಾಪಿಕ್ಯಾಟ್ ಎಂಬ ದುಷ್ಟ ತಂತ್ರಾಂಶವು ಸುಮಾರು 1.4 ಕೋಟಿ ಆಂಡ್ರಾಯ್ಡ್ ಸಾಧನಗಳನ್ನು ಹೊಕ್ಕು, ಅವುಗಳಲ್ಲಿ ಸುಮಾರು 80 ಲಕ್ಷವನ್ನು ತಾನೇ ರೂಟ್ ಮಾಡಿಕೊಂಡಿತ್ತೆಂದು ಚೆಕ್ ಪಾಯಿಂಟ್ ಸಂಸ್ಥೆ 2017ರಲ್ಲಿ ಪ್ರಕಟಿಸಿತು. ಕಳ್ಳರು ಕಷ್ಟಪಟ್ಟು ಪಡೆಯುವ ಆ ಅಧಿಕಾರವನ್ನು ನಾವೇ ತೆರೆದಿಟ್ಟರೆ ಅವರ ಅರ್ಧ ಕೆಲಸವನ್ನು ನಾವು ಮಾಡಿಕೊಟ್ಟಂತೆ. ಅನಧಿಕೃತ ವ್ಯವಹಾರಗಳಲ್ಲಿ ಗ್ರಾಹಕರ ಹೊಣೆಯನ್ನು ಕುರಿತು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಗ್ರಾಹಕನ ನಿರ್ಲಕ್ಷ್ಯದಿಂದಾದ ನಷ್ಟವನ್ನು ಬ್ಯಾಂಕಿಗೆ ದೂರು ನೀಡುವವರೆಗೆ ಗ್ರಾಹಕನೇ ಭರಿಸಬೇಕೆಂದಿತ್ತು. ಬೀಗ ತೆರೆದ ಫೋನಿನಿಂದ ಹಣ ಹೋದರೆ ತಾನು ನಿರ್ಲಕ್ಷ್ಯ ಮಾಡಲಿಲ್ಲವೆಂದು ವಾದಿಸುವುದು ವರ್ತಕನಿಗೆ ಕಷ್ಟವಾದೀತು.

ಮೊಬೈಲ್ ಮಾರಾಟ ಮತ್ತು ದುರಸ್ತಿಯ ಉದ್ಯೋಗದಲ್ಲಿರುವ ಸದಸ್ಯರು ಇನ್ನೊಂದು ಸಂಗತಿಯನ್ನು ಅವಶ್ಯವಾಗಿ ಗಮನಿಸಬೇಕು. ತಂತ್ರಾಂಶವನ್ನು ತುಂಬುವಾಗ ಎಚ್ಚರ ತಪ್ಪಿದರೆ ಫೋನಿನ ಐಎಂಇಐ ಸಂಖ್ಯೆಯೇ ಅಳಿಸಿಹೋಗುವ ಸಂಭವವಿದೆ. ಆಗ ಕೆಲಸಗಾರನು ಬೇರಾವುದೋ ಸಂಖ್ಯೆಯನ್ನು ಬರೆದು ಫೋನನ್ನು "ಸರಿಪಡಿಸಿ" ಕೊಡುತ್ತಾನೆ. ತನ್ನ ಫೋನಿನ ತಂತ್ರಾಂಶವನ್ನು ಬದಲಿಸಿಕೊಳ್ಳುವುದು ತಾನಾಗಿಯೇ ಅಪರಾಧವಾಗದು. ಆದರೆ ಈ ಗುರುತಿನ ಸಂಖ್ಯೆಯನ್ನು ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯಿದೆಯಡಿ ಮೂರು ವರ್ಷಗಳವರೆಗೆ ಸೆರೆವಾಸ, ರೂ. 50 ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೆಲವು ನೂರು ರೂಪಾಯಿ ಮಜೂರಿಗಾಗಿ ಈ ಅಪಾಯವನ್ನು ತಂದುಕೊಳ್ಳಬೇಕೆ? ಬಾಳಿಕೆಯ ದೃಷ್ಟಿಯಿಂದಲೂ ಒಂದು ಮಾತು: ಸ್ಯಾಮ್‌ಸಂಗ್‌ನ ನಾಕ್ಸ್ ಇರುವ ಫೋನ್‌ಗಳಲ್ಲಿ ಅನಧಿಕೃತ ತಂತ್ರಾಂಶ ಹಾಕಿದೊಡನೆ ಒಳಗಿನ ವಿದ್ಯುನ್ಮಾನ ಫ್ಯೂಸ್ ಒಂದು ಕಡಿದುಹೋಗುತ್ತದೆ. ಆನಂತರ ಹಳೆಯ ತಂತ್ರಾಂಶವನ್ನೇ ಮರಳಿ ತುಂಬಿದರೂ ಅದು ಕೂಡಿಕೊಳ್ಳುವುದಿಲ್ಲ.

ಈಗ ಸಣ್ಣ ಕೈಗಾರಿಕೋದ್ಯಮಿಗಳ ವಿಷಯ. ಬಿಲ್ಲಿಂಗ್ ಯಂತ್ರ, ಹಾಜರಾತಿ ಯಂತ್ರ, ಮಾಹಿತಿ ಫಲಕ ಮುಂತಾದವುಗಳಲ್ಲಿ ಆಂಡ್ರಾಯ್ಡ್ ಅಳವಡಿಸಿ ಮಾರುವ ಘಟಕಗಳಿಗೆ ಮೂಲ ತಂತ್ರಾಂಶವನ್ನು ತಿದ್ದುವುದು ಉತ್ಪಾದನೆಯ ಅಂಗವೇ ಆಗಿದೆ. ಇವರು ತಿಳಿದಿರಬೇಕಾದುದೇನೆಂದರೆ, ಲಿನಕ್ಸ್ ಕರ್ನೆಲ್ ಜಿಪಿಎಲ್ ಪರವಾನಗಿಯಡಿ ಇರುವುದರಿಂದ ಅದನ್ನು ಒಳಗೊಂಡ ಯಂತ್ರವನ್ನು ಮಾರಿದವರು, ತಾವು ಮಾಡಿದ ತಿದ್ದುಪಡಿಗಳೂ ಸೇರಿದಂತೆ, ಅದರ ಮೂಲ ಸಂಕೇತವನ್ನು ಒದಗಿಸಲು ಬದ್ಧರು. ಗೂಗಲ್‌ನ ಪ್ಲೇ ಸ್ಟೋರ್, ನಕಾಶೆ ಮುಂತಾದ ಆ್ಯಪ್‌ಗಳು ಈ ಮುಕ್ತ ಭಾಗಕ್ಕೆ ಸೇರಿಲ್ಲ. ಅವಕ್ಕೆ ಬೇರೆ ಪರವಾನಗಿ ಬೇಕು. ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿ ಪ್ರಾಬಲ್ಯದ ದುರುಪಯೋಗಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ರೂ. 1,337.76 ಕೋಟಿ ದಂಡ ವಿಧಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ಕೆಲವು ನಿರ್ದೇಶನಗಳನ್ನು ರದ್ದುಪಡಿಸಿತು. ಇದರ ನಡುವೆ, 2023ರ ಜನವರಿಯಲ್ಲಿ, ಭಾರತದ ತಯಾರಕರು ತಮಗೆ ಬೇಕಾದ ಆ್ಯಪ್‌ಗಳಿಗೆ ಮಾತ್ರ ಪರವಾನಗಿ ಪಡೆಯಬಹುದೆಂದು ಗೂಗಲ್ ಪ್ರಕಟಿಸಿತು. ಇದು ಸ್ವಾಗತಾರ್ಹ ಬೆಳವಣಿಗೆ.

ಅನ್ಯರ ಪರ್ಯಾಯ ತಂತ್ರಾಂಶವನ್ನೇ ನಂಬಿ ವ್ಯಾಪಾರ ಕಟ್ಟುವವರು 2014ರ ಪ್ರಸಂಗವನ್ನು ನೆನೆಯಬೇಕು. ಸಯನೋಜೆನ್ ಕಂಪನಿಯ ತಂತ್ರಾಂಶವುಳ್ಳ ಫೋನನ್ನು ಒನ್‌ಪ್ಲಸ್ ಭಾರತಕ್ಕೆ ತಂದ ತಿಂಗಳಲ್ಲಿಯೇ, ಭಾರತದಲ್ಲಿ ಆ ತಂತ್ರಾಂಶದ ಏಕಸ್ವಾಮ್ಯ ತನ್ನದೆಂದು ಮೈಕ್ರೋಮ್ಯಾಕ್ಸ್ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಪಡೆಯಿತು. ವಿಭಾಗೀಯ ಪೀಠವು ಅದನ್ನು ತೆರವುಗೊಳಿಸಿತಾದರೂ ಒನ್‌ಪ್ಲಸ್ ತನ್ನದೇ ತಂತ್ರಾಂಶವನ್ನು ಸಿದ್ಧಪಡಿಸಿಕೊಂಡಿತು. ಎರಡೇ ವರ್ಷಗಳಲ್ಲಿ, 2016ರ ಅಂತ್ಯಕ್ಕೆ, ಸಯನೋಜೆನ್ ತನ್ನ ಸೇವೆಗಳನ್ನೇ ಮುಚ್ಚಿತು. ಏಕಸ್ವಾಮ್ಯಕ್ಕಾಗಿ ಹೋರಾಡಿದವರಿಗೆ ಉಳಿದದ್ದೇನು?

ಅಗ್ಗದ ಟಿವಿ ಪೆಟ್ಟಿಗೆಗಳನ್ನು ತರಿಸಿ ಮಾರುವ ವರ್ತಕರಿಗೂ ಇದು ಅನ್ವಯಿಸುತ್ತದೆ. ಯಾರೋ ತಿದ್ದಿದ ಆಂಡ್ರಾಯ್ಡ್ ಇರುವ ಇಂತಹ ಕೆಲವು ಸಾಧನಗಳಲ್ಲಿ ಗ್ರಾಹಕನ ಮನೆ ಸೇರುವ ಮೊದಲೇ ದುಷ್ಟ ತಂತ್ರಾಂಶ ಸೇರಿಕೊಂಡಿರುತ್ತದೆಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿತು. ಹೆಸರೇ ಇಲ್ಲದ ತಯಾರಕನ ಮಾಲಿಗೆ ನಮ್ಮ ಅಂಗಡಿಯ ರಸೀತಿಯೇ ಹೆಸರು ಕೊಡುತ್ತದೆ.

ಹಾಗಾದರೆ ಖಾನೆಯಲ್ಲಿರುವ ಹಳೆಯ ಫೋನನ್ನು ಏನು ಮಾಡುವುದು? ಗೋದಾಮಿನಲ್ಲಿ ಬಾರ್‌ಕೋಡ್ ಓದಲು, ಅಂಗಡಿಯಲ್ಲಿ ದರಪಟ್ಟಿ ತೋರಿಸಲು ಅದು ಸಾಕು. ಲೀನಿಯೇಜ್ ಓಎಸ್‌ನ ಅಧಿಕೃತ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ನೋಡಿ, ಅಲ್ಲಿಂದಲೇ ಇಳಿಸಿಕೊಂಡು, ರೂಟ್ ಮಾಡದೆ, ಸಿಮ್ ಇಲ್ಲದೆ, ಕೇವಲ ವೈಫೈ ಮೂಲಕ ಬಳಸುವುದು ಒಳ್ಳೆಯದು. ರಿಪೇರಿಯವನ ಪೆನ್‌ಡ್ರೈವ್‌ನಲ್ಲಿರುವ ಕಡತ ಎಲ್ಲಿಯದೆಂದು ಅವನಿಗೇ ತಿಳಿದಿರುವುದಿಲ್ಲ. ಹೊಸ ಫೋನ್ ಕೊಳ್ಳುವಾಗ ಕ್ಯಾಮರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಎಷ್ಟು ವರ್ಷ ಪರಿಷ್ಕರಣೆ ದೊರೆಯುವುದೆಂದು ಕೇಳಬೇಕು. ಗೂಗಲ್ 2023ರ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಎಸ್24ಕ್ಕೂ 7 ವರ್ಷಗಳ ಭರವಸೆ ನೀಡಿವೆ. ಇವು ದುಬಾರಿ ಫೋನ್‌ಗಳು. ನಮ್ಮ ವರ್ತಕರು ಕೊಳ್ಳುವ ಅಗ್ಗದ ಫೋನ್‌ಗಳಿಗೆ ಅಷ್ಟು ದೀರ್ಘ ಭರವಸೆ ಸಿಗುವುದು ವಿರಳ.

ಇಲ್ಲಿ ನಮ್ಮ ಸಂಸ್ಥೆಯು ಮಾಡಬಹುದಾದ ಕೆಲಸವಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ತಂತ್ರಾಂಶದ ಪರಿಷ್ಕರಣೆಗಳು ಲಭ್ಯವಿರಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ಆರಂಭಿಸಿದೆ. ಪರಿಷ್ಕರಣೆಯ ಅವಧಿಯನ್ನು ಫೋನಿನ ಪೆಟ್ಟಿಗೆಯ ಮೇಲೆ ಮುದ್ರಿಸಬೇಕು, ಆ ಅವಧಿ ಮುಗಿದ ದಿನ ತಯಾರಕರೇ ಬೂಟ್‌ಲೋಡರ್‌ನ ಬೀಗದ ಕೈಯನ್ನು ಮಾಲೀಕನಿಗೆ ಉಚಿತವಾಗಿ ಒಪ್ಪಿಸಬೇಕು ಎಂಬ ಎರಡು ಬೇಡಿಕೆಗಳನ್ನು ನಮ್ಮ ಸಂಸ್ಥೆಯು ಮುಂದಿನ ಮನವಿಪತ್ರದಲ್ಲಿ ಇಲಾಖೆಯ ಮುಂದಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.