ಹಳಿಯ ಕೆಳಗಿನ ಮಣ್ಣು

ಆಟಿಕೆಯ ರೈಲಿಗೂ ಮಾದರಿ ರೈಲಿಗೂ ಇರುವ ಅಂತರವನ್ನು ಎಂಜಿನ್ನಿನಲ್ಲಿ ಹುಡುಕಬಾರದು, ನೆಲದಲ್ಲಿ ಹುಡುಕಬೇಕು ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಎಂಜಿನ್ ಎಷ್ಟೇ ನಿಖರವಾಗಿರಲಿ, ಬರಿಯ ಹಲಗೆಯ ಮೇಲೆ ಓಡುವಷ್ಟು ಕಾಲ ಅದು ಆಟಿಕೆಯೇ. ಹಳಿಯ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ಮಣ್ಣಿನ ಏರಿ, ಏರಿಯ ಮಗ್ಗುಲಲ್ಲಿ ಚರಂಡಿ, ಅದರಾಚೆ ಲಂಟಾನದ ಪೊದೆ, ಇಷ್ಟು ಬಂದ ಮೇಲೆಯೇ ರೈಲು ಒಂದು ಊರನ್ನು ಬಿಟ್ಟು ಇನ್ನೊಂದು ಊರಿಗೆ ಹೋಗುತ್ತಿದೆಯೆಂದು ಕಣ್ಣು ನಂಬುತ್ತದೆ. ನಮ್ಮಲ್ಲಿ ಈ ಹವ್ಯಾಸವುಳ್ಳವರು ಕೆಲವರೇ. ಆ ಕೆಲವರೂ ಎಂಜಿನ್ನಿಗೆ ಕೊಟ್ಟ ಶ್ರದ್ಧೆಯನ್ನು ನೆಲಕ್ಕೆ ಕೊಡುವುದು ಅಪರೂಪ. ಕೊಟ್ಟರೂ ಆ ನೆಲ ನಮ್ಮದಾಗಿರುವುದಿಲ್ಲ. ವಿಜಯನಗರದ ಮಹಡಿಯ ಕೋಣೆಯೊಂದರಲ್ಲಿ ಪೈನ್ ಮರಗಳ ನಡುವೆ, ವರ್ಷವಿಡೀ ಮಾಸದ ಹಸುರು ಹುಲ್ಲಿನ ಮೇಲೆ ನಮ್ಮ ದೇಶದ ಗಾಡಿ ಓಡುವುದನ್ನು ಕಂಡಿದ್ದೇನೆ. ನಿಲ್ದಾಣದ ಫಲಕ ಕನ್ನಡದಲ್ಲಿತ್ತು. ನೆಲ ಮಾತ್ರ ಜರ್ಮನಿಯದು.

ನೆಲ ಕಟ್ಟುವ ಕಲೆ ನಮಗೆ ಹೊಸತೆಂದು ಹೇಳುವಂತಿಲ್ಲ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಮೆಟ್ಟಿಲುಗಳ ಕೆಳಗಿನ ಜಾಗ ಮಕ್ಕಳದು. ಅಲ್ಲಿ ಅವರು ಮರಳು ಹರಡಿ ದಾರಿ ಮಾಡುತ್ತಾರೆ. ಕನ್ನಡಿಯ ಚೂರನ್ನು ಕೆರೆಯಾಗಿಸುತ್ತಾರೆ. ರಾಗಿ, ಸಾಸಿವೆಗಳನ್ನು ಮೊಳೆಸಿ ಹೊಲವೆನ್ನುತ್ತಾರೆ. ಆ ಹೊಲದ ಪೈರು ಆನೆಗಿಂತ ಎತ್ತರ ಬೆಳೆದರೂ ಯಾರೂ ಆಕ್ಷೇಪಿಸರು, ಏಕೆಂದರೆ ಅದು ಹಬ್ಬ. ಮಾದರಿ ರೈಲಿಗೆ ಆ ಸಲಿಗೆಯಿಲ್ಲ. ನಮ್ಮ ಪ್ರಾಚೀನರು ಚಿತ್ರಕಲೆಗೆ ಹೇಳಿದ ಆರು ಅಂಗಗಳಲ್ಲಿ ಪ್ರಮಾಣ, ವರ್ಣಿಕಾಭಂಗ, ಸಾದೃಶ್ಯ ಎಂಬ ಮೂರುಂಟು; ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರನು ಅವನ್ನು ಎಣಿಸಿದ್ದಾನೆ. ಅಳತೆ, ಬಣ್ಣದ ಹದ, ಹೋಲಿಕೆ ಎಂಬ ಈ ಮೂರನ್ನೂ ಅಂಗೈಯಗಲದ ನೆಲಕ್ಕೆ ಅನ್ವಯಿಸಿ ನೋಡಬಹುದು.

ಮೊದಲನೆಯದು ಅಳತೆ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್.ಓ. ಮಾದರಿಯಲ್ಲಿ ಎಲ್ಲವೂ ನಿಜದ 87ನೆಯ ಒಂದು ಭಾಗ. ಈ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಹಳಿಗೆ ಸುಮಾರು ಹನ್ನೊಂದೂವರೆ ಮೀಟರ್ ಬೇಕು. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡವರು ಆ ನಲವತ್ತು ಅಡಿಯ ಉದ್ದವನ್ನೆಲ್ಲ ಹಳಿಗೇ ಬಿಟ್ಟುಕೊಟ್ಟರೂ ದಕ್ಕುವುದು ಒಂದೇ ಕಿಲೋಮೀಟರ್! ಆದ್ದರಿಂದ ಆಯ್ಕೆ ಅನಿವಾರ್ಯ. ಜಲ್ಲಿಯ ಲೆಕ್ಕ ಇನ್ನೂ ಸೂಕ್ಷ್ಮವಾದುದು. ನಮ್ಮ ರೈಲ್ವೆಯ ಜಲ್ಲಿ ಸುಮಾರು 20ರಿಂದ 65 ಮಿಲಿಮೀಟರ್ ಗಾತ್ರದ್ದು. 87ರಿಂದ ಭಾಗಿಸಿದರೆ ಅದು ರವೆಯಷ್ಟಾಗುತ್ತದೆ. ರಾಗಿಯ ಕಾಳು ಕೂಡ ಅಲ್ಲಿ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಗುಂಡು. ಮರಗಳ ವಿಷಯದಲ್ಲಿ ಆಗುವುದು ಇದಕ್ಕೆ ವಿರುದ್ಧ. ಇಪ್ಪತ್ತು ಮೀಟರ್ ಎತ್ತರದ ತೆಂಗು ಮಾದರಿಯಲ್ಲಿ ಒಂದು ಗೇಣು ಎದ್ದು ನಿಲ್ಲಬೇಕು; ಹೆಚ್ಚಿನವರು ಅದನ್ನು ಬೆರಳುದ್ದಕ್ಕೆ ಇಳಿಸಿಬಿಡುತ್ತಾರೆ. ಕಲ್ಲನ್ನು ಹಿಗ್ಗಿಸಿ ಮರವನ್ನು ಕುಗ್ಗಿಸಿದ ಮೇಲೆ ಎಂಜಿನ್ ಎಷ್ಟು ನಿಖರವಾಗಿದ್ದರೇನು?

ಎರಡನೆಯದು ಬಣ್ಣ. ಇದಕ್ಕೆ ವಿದೇಶದ ಡಬ್ಬಿಗಳು ಬೇಡವೆಂದೇ ನನ್ನ ವಾದ. ಕಲ್ಲು ಒಡೆಯುವ ಕಡೆ ಸಿಗುವ ಕಲ್ಲುಪುಡಿಯನ್ನು ಜರಡಿ ಹಿಡಿದರೆ ಅದೇ ಜಲ್ಲಿ. ಅದನ್ನು ಸ್ಲೀಪರುಗಳ ನಡುವೆ ಕುಂಚದಿಂದ ಸರಿಪಡಿಸಿ, ಒಂದು ಹನಿ ಸಾಬೂನು ಬೆರೆಸಿದ ನೀರನ್ನು ಸಿಂಪಡಿಸಿ, ಬಳಿಕ ತೆಳುವಾದ ಬಿಳಿಯ ಅಂಟನ್ನು ತೊಟ್ಟುತೊಟ್ಟಾಗಿ ಬಿಟ್ಟರೆ ಮರುದಿನಕ್ಕೆ ಅದು ಗಟ್ಟಿಯಾಗುತ್ತದೆ. ಸಾಬೂನಿಲ್ಲದಿದ್ದರೆ ಅಂಟು ಒಳಗಿಳಿಯದೆ ಕಲ್ಲುಪುಡಿಯನ್ನು ಉಂಡೆಗಟ್ಟಿಸುತ್ತದೆ. ನಮ್ಮ ಕೆಂಪುಮಣ್ಣನ್ನು ಒಣಗಿಸಿ ತೆಳುಬಟ್ಟೆಯಲ್ಲಿ ಸೋಸಿದರೆ ಏರಿಯ ಮಣ್ಣಾಯಿತು. ಆದರೆ ಮೊದಲು ಅದರ ಮೇಲೆ ಅಯಸ್ಕಾಂತ ಆಡಿಸಬೇಕು. ಮಣ್ಣಿನಲ್ಲಿರುವ ಕಬ್ಬಿಣದ ಕಣಗಳನ್ನು ಎಂಜಿನ್ನಿನ ಮೋಟಾರು ಸೆಳೆದುಕೊಂಡು ಕೆಟ್ಟೀತು. ಅಂಟು ಕುಡಿದ ಮಣ್ಣು ಕಪ್ಪಾಗುವುದರಿಂದ ಒಂದಿಷ್ಟು ತಿಳಿಬಣ್ಣದ ಪುಡಿ ಬೆರೆಸುವುದು ಲೇಸು. ಹಳಿಯ ಮಗ್ಗುಲಿಗೆ ಕಾವಿಯ ತುಕ್ಕು, ನೆತ್ತಿಗೆ ಮಾತ್ರ ಬೆಳ್ಳಿಯ ಹೊಳಪು. ಎಂಜಿನ್ ನಿಲ್ಲುವ ಕಡೆ ಎಣ್ಣೆಯ ಕಲೆ. ಹೊಂಗೆಯ ಕೊಂಬೆಗಳಿಗೆ ಹೀರೇಕಾಯಿಯ ನಾರು, ಪೊದೆಗೆ ಒಣಗಿದ ತುಳಸಿಯ ಕದಿರು. ಇವೆಲ್ಲ ನಮ್ಮ ಅಡುಗೆಮನೆ, ಹಿತ್ತಿಲುಗಳಲ್ಲಿಯೇ ಇವೆ.

ಮೂರನೆಯದಾದ ಸಾದೃಶ್ಯವೇ ಕಠಿನವಾದುದು. ಯಾವುದಕ್ಕೆ ಹೋಲಿಕೆ? ಯಾವ ವರ್ಷದ ನೆಲಕ್ಕೆ? ಕೆಂಗೇರಿಯನ್ನೇ ತೆಗೆದುಕೊಳ್ಳೋಣ. ಬೆಂಗಳೂರು–ಮೈಸೂರು ಮಾರ್ಗದ ಮಣ್ಣಿನ ಕೆಲಸವನ್ನು 1876–78ರ ಮಹಾಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸಲು ಕೈಗೊಂಡರು. 1882ರಲ್ಲಿ ಆ ಮೀಟರ್‌ಗೇಜ್ ಹಳಿ ಮೈಸೂರನ್ನು ಮುಟ್ಟಿತು. ನೂರು ವರ್ಷಕ್ಕೂ ಮಿಕ್ಕಿ ಉಳಿದಿದ್ದ ಅದು 1990ರ ದಶಕದ ಮೊದಲರ್ಧದಲ್ಲಿ ಬ್ರಾಡ್‌ಗೇಜ್ ಆಯಿತು. ಈಗ ಅಲ್ಲಿ ಜೋಡಿಹಳಿ, ಕಾಂಕ್ರೀಟ್ ಸ್ಲೀಪರು, ಮೇಲೆ ವಿದ್ಯುತ್ತಿನ ತಂತಿ. 2021ರಲ್ಲಿ ಮೆಟ್ರೋ ಕೂಡ ಕೆಂಗೇರಿಗೆ ಬಂತು. ಹೀಗಿರುವಾಗ ಬರಿಯ ‘ಕೆಂಗೇರಿ’ ಎಂದರೆ ಅರ್ಥವಿಲ್ಲ. 1940ರ ಕೆಂಗೇರಿಯೆಂದು ಹೊರಟವನು ಹಳಿಯ ಬದಿಯಲ್ಲಿ ಪಾರ್ಥೇನಿಯಂ ಗಿಡ ನೆಡಬಾರದು. ನಮ್ಮ ದೇಶದಲ್ಲಿ ಅದು ಕಣ್ಣಿಗೆ ಬಿದ್ದು ಹಬ್ಬಿದ್ದು 1950ರ ದಶಕದಿಂದೀಚೆಗೆ. ಇಂದಿನ ಕೆಂಗೇರಿಯನ್ನು ಮಾಡುವವನು ಅದನ್ನು ಬಿಡುವಂತಿಲ್ಲ. ಒಂದು ಕಳೆಯ ಗಿಡವೂ ಇಲ್ಲಿ ಚರಿತ್ರೆಯ ಸಾಕ್ಷಿ.

ಇದಕ್ಕಿಂತ ದೊಡ್ಡ ಪರೀಕ್ಷೆ ಹಳಿಯ ಆಸುಪಾಸಿನಲ್ಲಿಯೇ ಹರಿಯುವ ವೃಷಭಾವತಿಯದು. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುವಳೆಂದು ಜನ ನಂಬಿರುವ ಈ ಹೊಳೆ ಇಂದು ನಗರದ ಕೊಳಚೆಯನ್ನು ಹೊತ್ತು ಕಪ್ಪಾಗಿ, ನೊರೆಗಟ್ಟಿ ಕೆಂಗೇರಿಯನ್ನು ದಾಟುತ್ತಾಳೆ. ಮಾದರಿಯಲ್ಲಿ ಅವಳನ್ನು ತಿಳಿನೀಲಿಯಾಗಿ ತೋರಿಸುವ ಆಸೆ ಸಹಜ. ‘ಚೆಲುವಿಗಾಗಿ ಮಾಡುವ ವಸ್ತುವಿನಲ್ಲಿ ಕೊಳಕೇಕೆ?’ ಎಂದು ಕೇಳುವವರೂ ಉಂಟು. ನಾನು ಒಪ್ಪಲಾರೆ. ತಿಳಿನೀರು ಬೇಕಾದವನು ನೀರು ತಿಳಿಯಾಗಿದ್ದ ಕಾಲವನ್ನು ಆರಿಸಿಕೊಂಡು, ಆ ಕಾಲವನ್ನು ಕಂಡ ಹಿರಿಯರನ್ನು ಕೇಳಿ ಬರಲಿ. ದಡದಲ್ಲಿ ಯಾವ ಬೆಳೆಯಿತ್ತು, ಎಲ್ಲಿ ಬಟ್ಟೆ ಒಗೆಯುತ್ತಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಇಂದಿನ ರೈಲನ್ನು ಓಡಿಸುವವನು ಇಂದಿನ ನೀರನ್ನೇ ಹರಿಸಬೇಕು. ಗಾಡಿಯ ಬಾಗಿಲಿನ ಹಿಡಿಯವರೆಗೂ ಸತ್ಯವನ್ನು ಬಯಸಿ, ಹೊಳೆಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುವುದು ಯಾವ ನ್ಯಾಯ?

‘ಇದೆಲ್ಲ ಬಿಡುವಿದ್ದವರ ಹುಡುಗಾಟ’ ಎಂಬ ಮಾತನ್ನೂ ಕೇಳಿದ್ದೇನೆ. ಬಿಡುವು ಬೇಕೆಂಬುದು ನಿಜ. ಆದರೆ ನೋಡುವುದನ್ನು ಕಲಿಸುವ ಆಟ ಹುಡುಗಾಟವಾಗಲಾರದು. ಹಳೆಯ ಎಂಜಿನ್ನುಗಳನ್ನೂ ಬೋಗಿಗಳನ್ನೂ ಉಳಿಸಿಕೊಳ್ಳಲು ನಮಗೆ 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. ಆದರೆ ಅವು ಓಡಿದ ನೆಲವನ್ನು ಯಾವ ಸಂಗ್ರಹಾಲಯವೂ ಎತ್ತಿ ಇಡಲಾರದು. ಕ್ಷಾಮದ ಕಾಲದಲ್ಲಿ ಬುಟ್ಟಿಬುಟ್ಟಿಯಾಗಿ ಹೊತ್ತು ಹಾಕಿದ ಏರಿ, ಅದರ ಮೇಲಿನ ಕಿರುಹಳಿ, ಬೇಸಗೆಯ ಒಣಹುಲ್ಲು, ಇವನ್ನು ಅಂಗೈಯಗಲದಲ್ಲಾದರೂ ಉಳಿಸಬಲ್ಲವನು ಈ ಹವ್ಯಾಸಿಯೇ.

ಪಶ್ಚಿಮ ಬೆಂಗಳೂರಿನ ಉಪಾಧ್ಯಾಯರಲ್ಲಿ ನನ್ನದೊಂದು ಸೂಚನೆ. ರಾಜಾಜಿನಗರ, ಬಸವೇಶ್ವರನಗರಗಳ ವಿದ್ಯಾರ್ಥಿಗಳನ್ನು ಒಮ್ಮೆ ಕೆಂಗೇರಿಗೆ ಕರೆದೊಯ್ದು, ಪ್ಲಾಟ್‌ಫಾರಂ ಮೇಲೆಯೇ ನಿಲ್ಲಿಸಿ, ಹಳಿಯನ್ನು ಅರ್ಧ ಗಂಟೆ ನೋಡಿಸಿ. ಅನಂತರ ಒಬ್ಬೊಬ್ಬರಿಗೆ ಒಂದಡಿ ಹಲಗೆ ಕೊಡಿ, ಎಚ್.ಓ. ಲೆಕ್ಕದಲ್ಲಿ ಅದು 26 ಮೀಟರಿಗೂ ಮಿಕ್ಕ ದಾರಿ. ಎಂಜಿನ್ ಬೇಡ, ವಿದ್ಯುತ್ ಬೇಡ. ಕಂಡ ಜಲ್ಲಿ, ಕಂಡ ಮಣ್ಣು, ಕಂಡ ಕಳೆ ಅದರ ಮೇಲೆ ಮೂಡಲಿ. ನಾವು ದಿನವೂ ಹಾದುಹೋಗುವ ನೆಲವನ್ನು ನಾವೆಷ್ಟು ಕಡಿಮೆ ನೋಡಿದ್ದೇವೆಂದು ಆ ಒಂದಡಿ ಹಲಗೆಯೇ ಹೇಳುತ್ತದೆ.