ಮುಟ್ಟು ನಿಂತವಳು ಲೆಕ್ಕಕ್ಕಿಲ್ಲವೇ?

2020ರ ಸೆಪ್ಟೆಂಬರ್‌ನ ಒಂದು ಸಂಜೆ. ದೆಹಲಿಯ ನಜಫ್‌ಗಢದ ಬಳಿ 86 ವರ್ಷದ ಅಜ್ಜಿಯೊಬ್ಬರು ಮನೆಯ ಹೊರಗೆ ನಿಂತು ಹಾಲಿನವನ ದಾರಿ ಕಾಯುತ್ತಿದ್ದರು. ಅವನು ಬರುವುದಿಲ್ಲ, ಹಾಲು ಸಿಗುವ ಕಡೆ ಕರೆದೊಯ್ಯುತ್ತೇನೆ ಎಂದು ನಂಬಿಸಿದ ಗಂಡಸೊಬ್ಬ ಅವರನ್ನು ತೋಟಕ್ಕೆ ಕರೆದೊಯ್ದು ಅತ್ಯಾಚಾರ ಎಸಗಿದ. ನಾನು ನಿನ್ನ ಅಜ್ಜಿಯಂಥವಳು ಎಂದು ಅವರು ಗೋಗರೆದರೂ ಬಿಡಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರ ಕಿವಿಗೆ ಕೂಗು ಬಿದ್ದಿದ್ದರಿಂದ ಸಿಕ್ಕಿಬಿದ್ದ. 2015ರಲ್ಲಿ ಪಶ್ಚಿಮ ಬಂಗಾಳದ ರಾಣಾಘಾಟ್‌ನ ಕಾನ್ವೆಂಟಿಗೆ ನುಗ್ಗಿದ ದರೋಡೆಕೋರರು ಎಪ್ಪತ್ತು ದಾಟಿದ ಕ್ರೈಸ್ತ ಸನ್ಯಾಸಿನಿಯ ಮೇಲೆ ಅತ್ಯಾಚಾರ ಎಸಗಿದಾಗ ದೇಶವೇ ಸಿಡಿದೆದ್ದಿತ್ತು.

ಎರಡೂ ಪ್ರಕರಣಗಳಲ್ಲಿ ದುಷ್ಕರ್ಮಿಗಳು ಹೊರಗಿನವರು. ಅದೇ ಮನೆಗೆ ಬಂದು ಹೋಗುವವನಾಗಿದ್ದರೆ, ನೆಂಟನೋ ಬಾಡಿಗೆಯವನೋ ಅಜ್ಜಿಯನ್ನು ನೋಡಿಕೊಳ್ಳಲು ಇಟ್ಟುಕೊಂಡವನೋ ಆಗಿದ್ದರೆ? ಮೊದಲು ಅಜ್ಜಿಯ ಸೀರೆ ನೀರಿಗೆ ಬೀಳುತ್ತದೆ. ಬಿಸಿನೀರು ಹೊಯ್ದು ಸ್ನಾನ ಮಾಡಿಸುತ್ತಾರೆ. ‘ಈ ವಯಸ್ಸಲ್ಲಿ ಹಂಗೂ ಆಗುತ್ತಾ’ ಎಂದು ಒಬ್ಬರು, ‘ಅರಳುಮರಳು, ಏನೇನೋ ಹೇಳ್ತಾಳೆ’ ಎಂದು ಇನ್ನೊಬ್ಬರು. ಘಟನೆಯಾದ 96 ಗಂಟೆಗಳವರೆಗೂ ದೇಹದಿಂದ ಸಾಕ್ಷ್ಯ ಸಂಗ್ರಹಿಸಬಹುದು. ಆದರೆ ಆ ಸಾಕ್ಷ್ಯ ಬೆಳಗಾಗುವುದರೊಳಗೆ ಬಚ್ಚಲಲ್ಲಿ ಹರಿದು ಹೋಗಿರುತ್ತದೆ. ಅಜ್ಜಿಯೂ ತುಟಿ ಬಿಚ್ಚುವುದಿಲ್ಲ. ಮೊಮ್ಮಕ್ಕಳ ಮದುವೆ ಆಗಬೇಕು, ನಾಳೆ ಅನ್ನ ಹಾಕುವವರು ಇವರೇ.

‘ಹಂಗೂ ಆಗುತ್ತಾ’ ಎಂಬ ಪ್ರಶ್ನೆಯ ಬೇರು ಒಂದು ತಪ್ಪು ತಿಳಿವಳಿಕೆಯಲ್ಲಿದೆ. ಅತ್ಯಾಚಾರಕ್ಕೆ ಹೆಣ್ಣಿನ ಚೆಲುವು, ಹರೆಯ ಕಾರಣ ಎಂದುಕೊಂಡವರಿಗೆ ನೆರೆತ ಕೂದಲಿನವಳು ಸಂತ್ರಸ್ತೆಯಾಗಿ ಕಾಣುವುದೇ ಇಲ್ಲ. ಒಂಟಿಯಾಗಿರುವವಳು, ಓಡಲಾರದವಳು, ಹೇಳಿದರೂ ಯಾರೂ ನಂಬದವಳು ಎಂಬ ಲೆಕ್ಕ ಹಾಕಿಯೇ ಅತ್ಯಾಚಾರಿ ಬಂದಿರುತ್ತಾನೆ.

ಈ ತಿಳಿವಳಿಕೆ ಜಗಲಿಕಟ್ಟೆಗೆ ಮಾತ್ರ ಸೀಮಿತವಲ್ಲ. ವೃದ್ಧೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ಪ್ರಕರಣದಲ್ಲಿ 2014ರಲ್ಲಿ ತೀರ್ಪು ನೀಡಿದ ದೆಹಲಿ ಹೈಕೋರ್ಟ್, ಮೃತಪಟ್ಟವರು 65ರಿಂದ 70 ವರ್ಷದವರು, ಮುಟ್ಟು ನಿಲ್ಲುವ ವಯಸ್ಸು ದಾಟಿದವರು ಎಂದು ದಾಖಲಿಸಿತು. ಸಂಭೋಗದಲ್ಲಿ ಬಲಪ್ರಯೋಗವಾಗಿದ್ದರೂ ಅದು ಆಕೆಯ ಇಚ್ಛೆಗೆ ವಿರುದ್ಧವಾಗಿರಲಿಲ್ಲ ಎಂಬ ವಾದವನ್ನು ಒಪ್ಪಿ, ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿದ್ದವನನ್ನು ಖುಲಾಸೆಗೊಳಿಸಿತು. ಮುಟ್ಟಿಗೂ ಸಮ್ಮತಿಗೂ ಎತ್ತಣಿಂದೆತ್ತ ಸಂಬಂಧ? ಆ ಸಾಲುಗಳನ್ನು ಓದಿದಾಗ ಆದ ಸಂಕಟ ನನಗೆ ಇನ್ನೂ ಕರಗಿಲ್ಲ.

ಮುಟ್ಟು ನಿಂತಲ್ಲಿಗೆ ಎಳೆದ ಇದೇ ಗೆರೆ ನಮ್ಮ ಅಂಕಿಅಂಶಗಳಲ್ಲೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾತನಾಡಿಸುವುದು 15ರಿಂದ 49 ವರ್ಷದ ಮಹಿಳೆಯರನ್ನು. ಹಿಂಸೆಯ ಕುರಿತ ಪ್ರಶ್ನೆಗಳೂ 49ಕ್ಕೆ ನಿಲ್ಲುತ್ತವೆ. ಹೆರುವ ವಯಸ್ಸನ್ನು ಅಳೆಯಲು ಹುಟ್ಟಿದ ಸಮೀಕ್ಷೆಯಿದು, ಹೆರಿಗೆಯ ಕಾಲ ಮುಗಿದವಳ ನೋವಿಗೆ ಅದರಲ್ಲಿ ಜಾಗವಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಪರಾಧ ಸಮೀಕ್ಷೆಯೂ ಲೈಂಗಿಕ ಹಿಂಸೆಯ ಬಗ್ಗೆ 59 ದಾಟಿದವರನ್ನು ಕೇಳುತ್ತಿರಲಿಲ್ಲ. 2017ರಲ್ಲಿ ಮಿತಿಯನ್ನು 74ಕ್ಕೆ ಏರಿಸಿ, 2021ರಲ್ಲಿ ತೆಗೆದೇಹಾಕಿದರು. ಮನಸ್ಸು ಮಾಡಿದರೆ ನಮ್ಮಲ್ಲೂ ಆಗುವ ಕೆಲಸವೇ.

ಕಾನೂನು ಅಷ್ಟು ಕುರುಡಲ್ಲ. ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲಿ ಸಂತ್ರಸ್ತೆಯ ವಯಸ್ಸಿಗೆ ಮೇಲ್ಮಿತಿಯಿಲ್ಲ. ಸಂತ್ರಸ್ತೆಯ ಹೇಳಿಕೆಯನ್ನು ಆಕೆಯ ಮನೆಯಲ್ಲೇ ಅಥವಾ ಆಕೆ ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಪೊಲೀಸ್ ಅಧಿಕಾರಿಯೇ ಪಡೆಯಬೇಕು. ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇರುವವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ವಿಡಿಯೊ ಮಾಡಿಸಿ, ಅದನ್ನೇ ಮುಖ್ಯ ವಿಚಾರಣೆಯಾಗಿ ಪರಿಗಣಿಸುವ ಅವಕಾಶವಿದೆ. ಮರೆವಿನ ಕಾಯಿಲೆಯವರಿಗೆ, ಕಿವಿ ಕೇಳದವರಿಗೆ ಇದು ದೊಡ್ಡ ಆಸರೆ. ‘ಹೇಳಿದ್ದನ್ನೇ ಮತ್ತೆ ಹೇಳೋಕೆ ಅವಳಿಗೆ ಬರಲ್ಲ’ ಎಂದು ದೂರನ್ನೇ ಬದಿಗಿಡುವ ಬದಲು ಠಾಣೆಯವರು ಈ ದಾರಿ ಹಿಡಿಯಬೇಕು.

ಆದರೆ ದೂರು ಠಾಣೆಗೆ ಬರುವ ಮೊದಲೇ ಗಾಯ ಆಸ್ಪತ್ರೆಗೆ ಬಂದಿರುತ್ತದೆ, ಬೇರೆ ಹೆಸರಲ್ಲಿ. ಮುಟ್ಟು ನಿಂತ ಮೇಲೆ ಯೋನಿಯ ಒಳಚರ್ಮ ತೆಳ್ಳಗಾಗುವುದರಿಂದ ಗಾಯ ಹೆಚ್ಚು. ರಕ್ತಸ್ರಾವ, ಉರಿಮೂತ್ರ, ತೊಡೆಯ ಮೇಲಿನ ಕಪ್ಪುಗಟ್ಟಿದ ಗುರುತು ಎಲ್ಲವೂ ‘ಬಚ್ಚಲಲ್ಲಿ ಜಾರಿ ಬಿದ್ದರು’ ಎಂದು ಚೀಟಿಯಲ್ಲಿ ದಾಖಲಾಗುತ್ತವೆ. ಹಾಗೆಂದು ಹೇಳುವವರು ಪಕ್ಕದಲ್ಲೇ ನಿಂತ ಮಗ ಅಥವಾ ಸೊಸೆ. ಅಜ್ಜಿ ಸೆರಗಿನ ಅಂಚು ತಿರುಚುತ್ತಾ ನೆಲ ನೋಡುತ್ತಿರುತ್ತಾರೆ. ವೈದ್ಯರು ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸಬೇಕು. ನರ್ಸ್ ಬಾಗಿಲು ಹಾಕಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಬೇಕು: ‘ಅಜ್ಜೀ, ನಿಮಗೆ ಯಾರಾದರೂ ಏನಾದರೂ ಮಾಡಿದರಾ?’