ಮಾತೂ ಶುಶ್ರೂಷೆಯೇ

ಹನುಮನಹಳ್ಳಿಯಂತಹ ಗ್ರಾಮದಿಂದ ಗಂಗಾವತಿಯ ಆಸ್ಪತ್ರೆಗೆ ಬಂದ ವೃದ್ಧೆಯೊಬ್ಬರು ‘ದಿಲ್ ಘಬ್ರಾರಾ’ ಎಂದರೆ ಅದು ಭಯವಿರಬಹುದು, ಹೃದ್ರೋಗದ ಲಕ್ಷಣವೂ ಇರಬಹುದು. ‘ಏನೂ ಆಗುವುದಿಲ್ಲ, ಸುಮ್ಮನೆ ಮಲಗಿ’ ಎಂಬ ಉತ್ತರವು ಎರಡನ್ನೂ ಮುಚ್ಚಿಹಾಕುತ್ತದೆ. ‘ಯಾವಾಗಿನಿಂದ ಹೀಗಾಗುತ್ತಿದೆ, ಹೇಳಿ ಅಮ್ಮಾ’ ಎಂಬ ಮಾತು ರೋಗಿಯ ಬಾಯಿ ತೆರೆಸುತ್ತದೆ.

ದಾದಿ ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಭಾಗವೆಂದು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲೇ ಪ್ರತಿಪಾದಿಸಿದ್ದರು. ನಮ್ಮ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲೂ ಇದಕ್ಕೆ ಸ್ಥಾನವಿದೆ. ಮಾನಸಿಕ ಆರೋಗ್ಯದ ತರಬೇತಿಯಲ್ಲಿ ವಿದ್ಯಾರ್ಥಿಗಳು ರೋಗಿಯೊಂದಿಗಿನ ಸಂಭಾಷಣೆಯನ್ನು ಬರೆದು, ತಮ್ಮ ಮಾತಿನ ಸರಿತಪ್ಪುಗಳನ್ನು ಪರಿಶೀಲಿಸಬೇಕು. ಆದರೆ ಪಾಠ, ಪರೀಕ್ಷೆಗಳು ಇಂಗ್ಲಿಷಿನಲ್ಲಿ. ರೋಗಿಯ ನೋವು ಕನ್ನಡ, ದಖನಿ, ಲಂಬಾಣಿ, ತೆಲುಗಿನಲ್ಲಿ!

ಈ ಅಭ್ಯಾಸವು ಮನೋರೋಗ ವಿಭಾಗಕ್ಕೆ ಸೀಮಿತವಾಗದೆ ಹೆರಿಗೆ ವಾರ್ಡಿಗೂ ಹೊರರೋಗಿ ವಿಭಾಗಕ್ಕೂ ವಿಸ್ತರಿಸಬೇಕು, ರೋಗಿಯ ಭಾಷೆಯಲ್ಲೇ ನಡೆಯಬೇಕು. ಹಾಗೆಯೇ, ಮಹಿಳೆಯ ಕಾಯಿಲೆಯ ಬಗ್ಗೆ ಕೇಳಿದಾಗ ಪತಿಯೋ ಮಗನೋ ಉತ್ತರಿಸುವ ನಮ್ಮ ರೂಢಿಯೂ ಬದಲಾಗಬೇಕು. ದಾದಿಯ ಪ್ರಶ್ನೆಗೆ ಆಕೆಯೇ ಉತ್ತರಿಸಲಿ.

ನರ್ಸಿಂಗ್ ಕಲಿಯುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಮನೆಮಾತಿನ ಬಗ್ಗೆ ಕೀಳರಿಮೆ ಬೇಡ. ರೋಗಿಯ ಹಾಸಿಗೆಯ ಬಳಿ ಅದು ಸ್ಟೆತೊಸ್ಕೋಪಿಗಿಂತ ಮೊದಲು ಬೇಕಾಗುವ ಸಾಧನ.